ಬೀಳ್ಕೊಡುವ ಹಾಡು

ಮೂಲೆಮನೆಯ ನಾಟಕದಜ್ಜ ಒಂದು ಲೋಟ ನೀರು ಕೇಳುವುದಕ್ಕೂ ರಾಗ ಎಳೆಯುತ್ತಾರೆ. ಒಂದು ಕಾಲದಲ್ಲಿ ಊರೆಲ್ಲ ಮುಗಿಬಿದ್ದು ನೋಡಿದ ಸಂಗೀತ ನಾಟಕದಲ್ಲಿ ನಾಯಕಿಯ ತಂದೆಯ ಪಾತ್ರ ಅವರದು. ಕ್ಷೌರಕ್ಕೆ ಕೂತರೂ ಆ ಕಥೆಯೇ, ತರಕಾರಿ ಕೊಳ್ಳಲು ನಿಂತರೂ ಆ ಕಥೆಯೇ. "ಮಗಳನ್ನ ಗಂಡನ ಮನೆಗೆ ಕಳಿಸೋ ಹಾಡಿಗೆ ಜನ ಗೊಳೋ ಅಂತ ಅಳ್ತಿದ್ರು. ನನ್ನ ಕಣ್ಣಲ್ಲಿ ಒಂದು ಹನಿ ಬಂದಿದ್ರೆ ಕೇಳಿ!" ಎಂದು ಎದೆ ಉಬ್ಬಿಸುತ್ತಾರೆ. ಆಮೇಲಿನದನ್ನು ಹೇಳುವಾಗ ಮಾತ್ರ ದನಿ ತಗ್ಗುತ್ತದೆ. ಸ್ವಂತ ಮಗಳು ಮದುವೆಯಾಗಿ ಹೊರಟಾಗ ನೆಂಟರೆಲ್ಲ ಅದೇ ಹಾಡು ಹಾಡಿ ಎಂದು ದುಂಬಾಲು ಬಿದ್ದರು. ಅಜ್ಜ ಗಂಟಲು ಸರಿಮಾಡಿಕೊಂಡರು. ಮೊದಲ ಸಾಲೇ ಬಾಯಿಗೆ ಬರಲಿಲ್ಲ. ನಾಟಕದ ಪರದೆಯ ಹಿಂದೆ ಆ ಹಾಡು ಕೇಳುತ್ತ ನಿದ್ದೆ ಮಾಡುತ್ತಲೇ ಬೆಳೆದಿದ್ದ ಮಗಳು ಕಾರಿನಿಂದ ಇಳಿದು ಬಂದು ಕೈಹಿಡಿದಳು. "ನೀನು ಸುಮ್ನಿರಪ್ಪ, ನಾನೇ ಹಾಡ್ತೀನಿ," ಎಂದು ತನ್ನನ್ನು ಕಳಿಸುವ ಹಾಡನ್ನು ತಾನೇ ಕೊನೆಯವರೆಗೂ ಹಾಡಿದಳು.