ರೈಲು ಹತ್ತಿದ ಕುರಿ

ಮಕ್ಕಳಿಗಾಗಿ ಬರೆದ ನನ್ನ ಮೊದಲ ನಗೆಕಥೆಯನ್ನು ರಾಮಗಿರಿಯ ಶಾಲೆಯೊಂದರಲ್ಲಿ ಓದಿದೆ. ಮಕ್ಕಳು ನಗದಿದ್ದರೆ ಹರಿದುಹಾಕಬೇಕೆಂದುಕೊಂಡಿದ್ದೆ. ಕಥೆಯಲ್ಲಿ ಒಂದು ಕುರಿ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ, ಟಿಕೆಟ್ ಕೇಳಲು ಬಂದ ಟೀಸಿಯ ಕೈಯಲ್ಲಿದ್ದ ರಸೀದಿ ಪುಸ್ತಕವನ್ನು ತಿಂದುಬಿಡುತ್ತದೆ. ಯಾರೂ ನಗಲಿಲ್ಲ. ಕುರಿ ಕಾಯುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್, ಒಂದೇ ಕುರಿ ಹೆಂಗೆ ಹತ್ತುತ್ತೆ? ಮುಂದಿನದು ಹತ್ತಿದ್ರೆ ಹಿಂದಿನವೆಲ್ಲ ನುಗ್ತವೆ!"

"ಲೇ, ಆಗ ಟೀಸಿ ಎಲ್ಲಿ ನಿಂತ್ಕಳ್ತಾನೆ?" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ನಿಲ್ಲಾಕೆ ಜಾಗ ಎಲ್ಲೈತೆ? ಕುರಿ ಮ್ಯಾಲೇ ಕುಂತ್ಕಂಡು ಹೊಳಲ್ಕೆರೆಗೆ ಹೋಗ್ತಾನೆ!" ಎಂದಳು ಹುಡುಗಿ.

ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ವಾರಗಟ್ಟಲೆ ಹುಡುಕಿದ್ದು ಅವಳಿಗೆ ನಿಂತ ನಿಲುವಿನಲ್ಲೇ ಸಿಕ್ಕಿತ್ತು. ಅವಳನ್ನು ಬೆರಗಾಗಿ ನೋಡುತ್ತಾ ಪೆನ್ನು ತೆಗೆದೆ. ಅಲ್ಲೇ ಕುಳಿತು ಇಡೀ ಹಿಂಡನ್ನು ರೈಲು ಹತ್ತಿಸಿದೆ.