ಬ್ಲಾಗ್ ಸಾಗಿಸಲು ಹೋಗಿ ಮೈದುನನಿಗೆ ಕನ್ಯೆ ಹುಡುಕಿದ್ದು

ಲಾಕ್‌ಡೌನ್ ಮುಗಿದ ಮರುವರ್ಷದ ಬೇಸಿಗೆ. ಮಹಾರಾಷ್ಟ್ರದ ನಿಲಂಗಾದ ನಮ್ಮ ಮನೆಯಲ್ಲಿ ಕೂಲರ್ ಕೆಟ್ಟಿತ್ತು, ನನ್ನ ತಲೆಯೂ ಕೆಟ್ಟಿತ್ತು. ನಾನು ಬಹಳ ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದ ಬ್ಲಾಗನ್ನು ಇನ್ನು ನಡೆಸುವುದಿಲ್ಲ, ನಿಮ್ಮ ಬರಹಗಳನ್ನು ಬೇರೆ ಕಡೆ ಒಯ್ಯಿರಿ ಎಂದು ಆ ಕಂಪನಿಯವರು ಇಮೇಲ್ ಕಳಿಸಿದ್ದರು. ಬಾಡಿಗೆ ಮನೆಯವನು ಖಾಲಿ ಮಾಡಿ ಅಂದಷ್ಟೇ ಸಿಟ್ಟು ಬಂತು.

ನನ್ನ ತವರು ಭಾಲ್ಕಿ. ಮದುವೆಯಾಗಿ ಇಲ್ಲಿಗೆ ಬಂದರೆ ಪೇಟೆ, ಶಾಲೆ, ಆಫೀಸು ಎಲ್ಲ ಕಡೆ ಮರಾಠಿ. ಉಮರ್ಗಾ, ನಿಲಂಗಾ, ಉದಗೀರದ ಕಡೆ ಕನ್ನಡದ ಮನೆಗಳು ಬೇಕಾದಷ್ಟಿದ್ದರೂ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟುತ್ತಿದ್ದುದು ಯಾರಾದರೂ ಸತ್ತಾಗಲೇ. ಅದಕ್ಕೇ ಬ್ಲಾಗ್ ಶುರು ಮಾಡಿದ್ದೆ. ಅಡುಗೆ, ಹಬ್ಬದ ಶುಭಾಶಯ, ನಳಕ್ಕೆ ನೀರು ಬರುವ ದಿನ, ಕನ್ಯೆ ಬೇಕು, ವರ ಬೇಕು, ಎಲ್ಲವೂ ಅದರಲ್ಲೇ. ನನ್ನ ಮೈದುನ ನಾಗೇಶನಿಗೆ ಉದಗೀರದ ಸಂಗೀತಾ ಸಿಕ್ಕಿದ್ದೂ ಅದರಲ್ಲಿ ನಾನು ಹಾಕಿದ ಜಾಹೀರಾತಿನಿಂದಲೇ. ಈಗ ಅವರಿಗೊಬ್ಬ ಮಗಳು. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ.

ಆದರೆ ಆ ಬೇಸಿಗೆಯಲ್ಲಿ ಸಂಗೀತಾ ಮನೆಯಲ್ಲಿರಲಿಲ್ಲ. ತನ್ನ ಬಸುರಿ ತಂಗಿಯ ಕುಬುಸಕ್ಕೆ ಬರ್ರಿ ಅಂದರೆ ನಾಗೇಶ, ಇದು ಪಂಪಿನ ಮೋಟಾರ್ ಸುಡುವ ಸೀಸನ್, ರಿಪೇರಿ ಅಂಗಡಿ ಬಿಟ್ಟು ಬರಲಾರೆ ಅಂದಿದ್ದ. ಮಾತಿಗೆ ಮಾತು ಬೆಳೆದು ಅವಳು ಮಗಳನ್ನು ಕರೆದುಕೊಂಡು ಒಬ್ಬಳೇ ಉದಗೀರಕ್ಕೆ ಹೋದವಳು, ಕುಬುಸ ಮುಗಿದರೂ ಬಂದಿರಲಿಲ್ಲ. ಇವನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಈ ಮನುಷ್ಯ ಬಾಗಿಲು ನೋಡುತ್ತ ಒಂದೇ ರೊಟ್ಟಿಯನ್ನು ಮುರಿಯುತ್ತ ಇರುತ್ತಿದ್ದ. ಹೀಗೇ ಆದರೆ ಸಂಸಾರ ಒಡೆದೇ ಹೋದೀತು ಎಂದು ನನಗೆ ಒಳಗೊಳಗೇ ಭಯ.

ಇಂಥ ಹೊತ್ತಿನಲ್ಲಿ ನಾನು ಬ್ಲಾಗ್ ಸಾಗಿಸಲು ಕೂತೆ. ಎಲ್ಲ ಬರಹಗಳನ್ನು ಒಂದು ಫೈಲಿಗೆ ಇಳಿಸಿಕೊಂಡು ಹೊಸ ಬ್ಲಾಗಿಗೆ ಏರಿಸಿದೆ. ಓದುಗರ ಇಮೇಲ್‌ಗಳನ್ನೂ ತುಂಬಿದೆ. ಎಲ್ಲ ಸಲೀಸಾಗಿ ಆಯಿತು. ಕೊನೆಗೆ ಅದು, "ಓದುಗರಿಗೆ ತಿಳಿಸಬೇಕೇ?" ಎಂದು ಕೇಳಿತು. ಹೊಸ ಮನೆ ಹೊಕ್ಕವರು ನಾಲ್ಕು ಜನರಿಗೆ ಹೇಳದೆ ಇರುತ್ತಾರೆಯೇ? ಹೂಂ ಎಂದು ಒತ್ತಿದೆ.

ಸಾಗಿಸುವಾಗ ಹಳೆಯ ತಾರೀಖುಗಳೆಲ್ಲ ಅಳಿಸಿಹೋಗಿ, ಪ್ರತಿ ಬರಹಕ್ಕೂ ಆ ದಿನದ್ದೇ ತಾರೀಖು ಅಂಟಿಕೊಂಡಿದ್ದು ನನಗೆ ಗೊತ್ತಾಗಲಿಲ್ಲ. ಸಂಜೆಯೇ ಫೋನು ಶುರುವಾದವು. ಒಬ್ಬರು, "ಇಂಥ ಉರಿಬಿಸಲಾಗ ಸಂಕ್ರಾಂತಿ ಎಲ್ಲಿಂದ ಬಂತ್ರೀ?" ಎಂದು ಕೇಳಿದರು. ನಾಳೆ ನಳ ಬರುವುದಿಲ್ಲ ಎಂಬ ಹಳೇ ಸುದ್ದಿ ಓದಿ ನಮ್ಮ ಗಲ್ಲಿಯವರು ಲೋಟ ಸಹ ಬಿಡದೆ ನೀರು ತುಂಬಿಟ್ಟಿದ್ದರು. ನಾನು ನಕ್ಕೆ. ಬೆಳಿಗ್ಗೆ ಎದ್ದು ಸರಿ ಮಾಡಿದರಾಯಿತು ಎಂದು ಮಲಗಿದೆ.

ಬೆಳಿಗ್ಗೆ ನಮ್ಮವರು ಡ್ಯೂಟಿಗೆ ಹೋಗಿದ್ದೇ ತಡ, ಉಮರ್ಗಾ ಕಡೆಯ ಮುರುಮದಿಂದ ಒಬ್ಬ ಹಿರಿಯರು ಹೆಂಡತಿಯ ಜೊತೆ ಬಂದರು. "ಇದೇ ಹಾದಿಗಿ ಹೊಂಟಿದ್ದೆವು, ಸುಮ್ಮ ಬಂದೀವ್ರಿ" ಅಂದರು. ನಮ್ಮ ಕಡೆ ಹುಡುಗಿಯ ಮನೆಯವರು ವರನ ಮನೆ ನೋಡಲು ಮೊದಲ ಸಲ ಹೇಳದೆ ಬರುತ್ತಾರೆ. ಹೇಳಿ ಬಂದರೆ ಮನೆ ಒಪ್ಪ ಮಾಡಿಟ್ಟಿರುತ್ತಾರೆ, ನಿಜ ತಿಳಿಯುವುದಿಲ್ಲ ಅಂತ. ಚಹಾ ಮುಗಿಯುವ ತನಕ ಬಂದ ಕೆಲಸದ ಬಗ್ಗೆ ಬಾಯಿ ಬಿಡುವುದೂ ಇಲ್ಲ. ಇದೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡಿ! ಗಿರಾಕಿ ಇರಬೇಕು ಎಂದು ಅಂಗಡಿಯಿಂದ ನಾಗೇಶನನ್ನು ಕರೆಸಿದೆ.

ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದು ನೇರವಾಗಿ, "ಎಷ್ಟ ವರ್ಷದ್ದದರೀ?" ಎಂದು ಕೇಳಿದ.

ಹಿರಿಯರು ಸ್ವಲ್ಪ ತಬ್ಬಿಬ್ಬಾದರು. "ಇಪ್ಪತ್ನಾಲ್ಕು ಮುಗದಾವ್ರಿ."

"ಅಯ್ಯ, ಭಾಳ ಹಳೇದಾತಲ್ರೀ! ಅದಕ್ಕ ಸುಮ್ನ ಖರ್ಚ ಮಾಡಬ್ಯಾಡ್ರಿ, ಗುಜರಿ ಭಂಗಾರಕ್ಕ ಹಾಕಿಬಿಡ್ರಿ."

ಹಿರಿಯರ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ನಾಗೇಶನ ಮಗಳು "ಪಪ್ಪಾ" ಎಂದು ಓಡಿ ಬಂದು ಎಣ್ಣೆ ಅಂಗಿಗೇ ಜೋತುಬಿದ್ದಳು. ಅವಳ ಹಿಂದೆ ಸಂಗೀತಾ, ಅವಳ ಹಿಂದೆ ಅವಳಪ್ಪ.

ನಮ್ಮ ಬೀಗರಿಗೆ ಸಿಟ್ಟು ಬಂದರೆ ಮೊದಲು ಮರಾಠಿ ಬರುತ್ತದೆ. "ಹೇ ಕಾಯ್ ಆಹೆ? ಇದೇನಿದು?" ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದರು. ಓದಿದೆ. 'ಕನ್ಯೆ ಬೇಕಾಗಿದೆ. ವರ ನಾಗೇಶ, ವಯಸ್ಸು ಇಪ್ಪತ್ತೇಳು, ಮೋಟಾರ್ ರಿವೈಂಡಿಂಗ್ ಅಂಗಡಿ, ದುಶ್ಚಟಗಳಿಲ್ಲ, ತೊಂಬತ್ತಮೂರರ ಭೂಕಂಪದ ನಂತರ ಕಟ್ಟಿದ ಗಟ್ಟಿ ಸ್ವಂತ ಮನೆ.' ಪಕ್ಕದಲ್ಲಿ ನಾಗೇಶನ ಫೋಟೋ, ಮೇಲೆ ನಿನ್ನೆಯ ತಾರೀಖು!

"ನನ್ನ ಮಗಳು ನಾಕ ದಿನ ತವರಿಗಿ ಬಂದ್ರ ಇಲ್ಲಿ ಎರಡನೇ ಲಗ್ನದ ತಯಾರಿ ಏನ್ರೀ? ಒಂದ ಅಕ್ಷರನೂ ಬದಲಿ ಮಾಡಿಲ್ಲ! ಇದೇ ಮಾತು ನಂಬಿ ನಾ ಮಗಳನ್ನ ಕೊಟ್ಟಿದ್ದೆ!"

ಸಂಗೀತಾ ಯಾರ ಕಡೆಯೂ ನೋಡಲಿಲ್ಲ. ಗಂಡನನ್ನು ಕೇಳಿದಳು, "ಖರೇನ್ರೀ?"

"ಏನು ಖರೇ? ಇವ್ರು ಮೋಟಾರ್ ತಂದಾರ" ಅಂದ ಆ ಪುಣ್ಯಾತ್ಮ.

"ಮೋಟಾರ್ ಅಲ್ರೀ," ಮುರುಮದ ಹಿರಿಯರು ಅಂದರು, "ನಾವು ವರನ್ನ ನೋಡ್ಲಾಕ ಬಂದೀವಿ."

ಸಂಗೀತಾಳ ಕಣ್ಣು ತುಂಬಿದವು. ನಾನು ಓಡಿಹೋಗಿ ಲ್ಯಾಪ್‌ಟಾಪ್ ತಂದೆ. ಬ್ಲಾಗ್ ಸಾಗಿಸಿದ್ದು, ತಾರೀಖು ಅಳಿಸಿದ್ದು ಎಲ್ಲ ಬಡಬಡಿಸಿದೆ. ಬೀಗರು, "ಕಂಪ್ಯೂಟರ್ ತಾನೇ ಕನ್ಯಾ ಹುಡುಕತದೇನು?" ಎಂದು ಗುಡುಗಿದರು. ಆಗ ನಮ್ಮನ್ನು ಕಾಪಾಡಿದವರು ಆ ಮುರುಮದವರೇ. ಫೋನಿನ ಫೋಟೋ ನೋಡಿದರು, ನಾಗೇಶನ ತಲೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಈ ತಾಯಿ ಹೇಳೋದು ಖರೇ ಅದರೀ. ಇದರಾಗ ತಲಿ ತುಂಬ ಕೂದಲ ಅವ. ಒಂದ ರಾತ್ರಿನಾಗ ಇಷ್ಟ ಉದುರಂಗಿಲ್ಲ."

ಮೊದಲು ನಕ್ಕಿದ್ದು ಸಂಗೀತಾ. ಆಮೇಲೆ ಬೀಗರು. ನಾಗೇಶ ಮಾತ್ರ ತಲೆ ಸವರಿಕೊಳ್ಳುತ್ತ ನಿಂತಿದ್ದ. ಅವನ ಭಂಗಾರದ ಮಾತಿಗೆ ನಾನು ಆ ದಂಪತಿಯ ಕ್ಷಮೆ ಕೇಳಿದೆ. ಅವರು ಹೊರಡಲು ಎದ್ದರೆ ಸಂಗೀತಾ ಬಿಡಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಎಲ್ಲರಿಗೂ ಚುರುಮುರಿಯ ಸುಸಲಾ ಮಾಡಿ ತಂದಳು. "ತಗೋರಿ. ವರನ್ನ ನೋಡಿದ್ರಿ, ವರನ ಹೆಂತಿ ಕೈರುಚಿನೂ ನೋಡಿ ಹೋಗ್ರಿ" ಅಂದಳು.

ಬೀಗರು ಹೊರಟಾಗ ಜೀಪಿನ ಹಿಂದಿನಿಂದ ಎರಡು ದೊಡ್ಡ ಬ್ಯಾಗು ಇಳಿಸಿದರು. "ಜಗಳಾ ತೆಗಿಲಾಕ ಹೊಂಟೀನಿ ಅಂದಾಕಿ, ಸೀರಿ ಎಲ್ಲಾ ಯಾಕ ತಂದಿದ್ದಿ?" ಎಂದು ಮಗಳನ್ನು ಕೇಳಿದರು. ಅವಳು ಬ್ಯಾಗು ಎತ್ತಿಕೊಂಡು ಒಳಗೆ ನಡೆದಳು.

ಅಡುಗೆಮನೆಯಲ್ಲಿ ನಾನು, "ನನ್ನಿಂದ ದೊಡ್ಡ ರಾಮಾಯಣ ಆತಲ್ಲವ್ವ" ಅಂದೆ. ಅವಳು ತಗ್ಗಿದ ದನಿಯಲ್ಲಿ ಅಂದಳು: "ಹೋಗ್ಲಿ ಬಿಡ್ರಿ ವೈನಿ. ದಿನಾ ಫೋನ್ ಹಿಡಕೊಂಡೇ ಕೂತಿದ್ದೆ. ಅವರಾದ್ರೂ ಮಾಡಬಾರದೇನು? ನಾನಾಗೇ ಬಂದ್ರ ಸೋತು ಬಂದಂಗ ಆಗ್ತಿತ್ತು. ಜಗಳಾ ತೆಗಿಲಾಕ ಬರೋದಾದ್ರ ಯಾತರ ನಾಚಿಕಿ?"

ಆ ಮಾತು ಕೇಳಿ ನನಗೆ ನಗುವೂ ಬಂತು, ಅಳುವೂ ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಹೋದರೆ ನಾನು ಅವರೇ ಬರಲಿ ಎಂದು ಕಾಯುವುದಿಲ್ಲ. ನಾನೇ ಫೋನ್ ಹಚ್ಚಿ, "ಬಾ, ಬಂದು ಜಗಳಾನಾದ್ರೂ ಮಾಡು" ಅನ್ನುತ್ತೇನೆ.