ಮಾವನ ಒದ್ದೆ ಬೈರಾಸು

ಮೂಡುಬಿದಿರೆಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಗಾಜಿನ ಕೊಳವೆಯೊಂದರ ತುದಿಯಲ್ಲಿ ನೇರಳೆ ಬಣ್ಣದ ಜ್ವಾಲೆ ಉರಿಯುತ್ತದೆ. ಅದರ ಹೆಸರು ಕೋಲ್ಡ್ ಪ್ಲಾಸ್ಮಾ. ಹೆಸರು ಕೇಳಿದವರೆಲ್ಲ "ರಕ್ತದ್ದಾ?" ಎಂದು ನನ್ನ ತಲೆ ತಿನ್ನುತ್ತಾರೆ. ರಕ್ತದ್ದಲ್ಲ. ವಿದ್ಯುತ್ತಿನಿಂದ ಗಾಳಿಯನ್ನೇ ಕೆರಳಿಸಿ ಮಾಡಿದ ಈ ಬೆಂಕಿ ಕೈ ಸುಡುವುದಿಲ್ಲ. ಆದರೆ ರೋಗಾಣುಗಳನ್ನು ಕೊಲ್ಲುತ್ತದೆ, ಯುದ್ಧದಲ್ಲಿ ಬಳಸುವ ವಿಷಾನಿಲದ ಅಣುಗಳನ್ನೂ ಮುರಿದು ಹಾಕಬಲ್ಲದು. ಪ್ರತಿ ಸಲ ಹಚ್ಚಿದಾಗಲೂ ನನಗೆ ಬೆರಗೇ.

ಕಳೆದ ವರ್ಷ ವಿಟ್ಲದಿಂದ ಸೋದರಮಾವ ಇದನ್ನು ನೋಡಲು ಬಂದರು. ಕೊಲ್ಲಿ ಯುದ್ಧದ ಕಾಲದಲ್ಲಿ ಅವರು ಸೌದಿಯಲ್ಲಿ ಕೆಲಸಕ್ಕಿದ್ದವರು. ನಾನು ಯಂತ್ರ ಹಚ್ಚಿದೆ. ಗಾಳಿ ಕೆರಳಿದಾಗ ಹುಟ್ಟುವ ಓಝೋನಿನ ಘಾಟು ಮೂಗಿಗೆ ಬಡಿದದ್ದೇ ತಡ, ಮಾವ ಹೆಗಲ ಮೇಲಿನ ಟವೆಲನ್ನು, ನಮ್ಮೂರಿನ ಬೈರಾಸನ್ನು, ನಲ್ಲಿಯಲ್ಲಿ ಒದ್ದೆ ಮಾಡಿ ಮೂಗಿಗೆ ಒತ್ತಿ ಹಿಡಿದರು. ತಮ್ಮ ಮೂಗಿಗಲ್ಲ, ನನ್ನ ಮೂಗಿಗೆ.

"ಗ್ಯಾಸ್ ಉಂಟು, ಉಸಿರು ಎಳ್ಕೊಳ್ಬೇಡ!"

ನಾನು ಬಿಡಿಸಿಕೊಂಡು, ಫ್ಯಾನ್ ಹಾಕಿ, ಎಲ್ಲ ವಿವರಿಸಿದೆ. ಮಾವ ಮೆಲ್ಲನೆ ಜ್ವಾಲೆಗೆ ಬೆರಳು ಒಡ್ಡಿದರು.

"ತಣ್ಣಗುಂಟಲ್ಲ ಮಾರಾಯ್ತಿ! ಆಗ ಸೌದಿಯಲ್ಲಿ ಗ್ಯಾಸ್ ಬಾಂಬು ಬೀಳ್ತದೆ ಅಂತ ಸೈರನ್ ಕೂಗಿದ್ರೆ ಕಿಟಕಿಗೆ ಟೇಪು, ಮೂಗಿಗೆ ಒದ್ದೆ ಬೈರಾಸು. ನಮ್ಮ ಹತ್ರ ಇದ್ದದ್ದು ಅಷ್ಟೇ. ಇನ್ನು ಅದೆಲ್ಲ ಬೇಡ ಅಲ್ವಾ?"

"ಬೇಡ ಆಗುವ ದಿನ ಬರ್ತದೆ ಮಾವ. ಇದು ಲ್ಯಾಬಿನಿಂದ ಹೊರಗೆ ಹೋಗ್ಲಿಕ್ಕೆ ಇನ್ನೂ ಕೆಲಸ ಉಂಟು."

ಮಾವ ಬೈರಾಸನ್ನು ಹಿಂಡಿ, ಮಡಚಿ, ಯಂತ್ರದ ಪಕ್ಕದಲ್ಲಿಟ್ಟರು.

"ಹಾಗಾದ್ರೆ ಅಲ್ಲಿವರೆಗೆ ಇದು ನಿನ್ನ ಹತ್ರ ಇರ್ಲಿ."